ಗುಡ್ಡದ ಮೇಲೆ ಥರ್ಜಾ, ಸುರಂಗದೊಳಗೆ ಇನಾಕ್

ಥರ್ಜಾ ಅಜ್ಜಿ ಹುಟ್ಟಿದ್ದು ಒಂದು ದೋಣಿಯಲ್ಲಿ, ಮದುವೆಯಾಗಿ ಸೇರಿದ್ದು ಇನ್ನೊಂದು ದೋಣಿಗೆ. ಕಾಲುವೆಯಲ್ಲಿ ಕಲ್ಲಿದ್ದಲು ಸಾಗಿಸುವ ಆ ದೋಣಿಯ ಚುಕ್ಕಾಣಿ ಗಂಡ ಇನಾಕನ ಕೈಯಲ್ಲಿ. ದಡದ ಮೇಲೆ ಅದನ್ನು ಹಗ್ಗ ಕಟ್ಟಿ ಎಳೆಯುವ ಕುದುರೆಯ ಜೊತೆ ನಡೆಯುವುದು ಇವಳ ಪಾಲು. ನಲವತ್ತೆರಡು ವರ್ಷ ನಡೆದಳು. ಲಾರಿಗಳು ಬಂದು ದೋಣಿಯವರ ಹೊಟ್ಟೆಯ ಮೇಲೆ ಹೊಡೆದಾಗ ಇಬ್ಬರೂ ಬರ್ಮಿಂಗ್‌ಹ್ಯಾಮಿಗೆ, ನಮ್ಮ ಪಕ್ಕದ ಮನೆಗೆ ಬಂದರು. ಮನೆ ದೋಣಿಯ ಹಾಗೆ ತೂಗುವುದಿಲ್ಲವೆಂದು ಅಜ್ಜಿಗೆ ಒಂದು ವರ್ಷ ಸರಿಯಾಗಿ ನಿದ್ದೆ ಹತ್ತಲಿಲ್ಲವಂತೆ.

ಹೋದ ಚಳಿಗಾಲದಲ್ಲಿ ಇನಾಕ್ ಆಸ್ಪತ್ರೆಯಲ್ಲಿ ತೀರಿಕೊಂಡ, ಅಜ್ಜಿ ಮನೆಗೆ ಬಂದು ಟೀ ಕುಡಿದು ಹೋಗುವಷ್ಟರಲ್ಲಿ. ಅಂದಿನಿಂದ ಅವಳು ಬ್ರೆಡ್ಡು ಮುಟ್ಟಲಿಲ್ಲ. ಬರೀ ಗಂಜಿ. ಡಾಕ್ಟರು ಹಲ್ಲಿನ ದೋಷ ಅಂದರು, ನಾನೂ ನಂಬಿದೆ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕೈಯಲ್ಲಿ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹಾರ್ಲಿ ಗುಡ್ಡದ ಸುರಂಗಕ್ಕೆ ಹೊರಟೆ. ಬರ್ತೀಯೇನೇ?"

"ಅಲ್ಲಿಗೆ ಬಸ್ಸಿದೆಯಲ್ಲ!"

"ಬಸ್ಸಲ್ಲಿ ಹೋದ್ರೆ ಅವನಿಗೆ ಗೊತ್ತಾಗಲ್ಲ ಕಣೇ."

ಎಪ್ಪತ್ತೆಂಟರ ಹೆಂಗಸನ್ನು ಒಬ್ಬಳೇ ಕಳಿಸುವುದು ಹೇಗೆ? ನನ್ನ ಮಂಡಿಗಳಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಹೊರಟೆ. ಕಾಲುವೆಯ ದಡ ಹಿಡಿದು ಮೂರು ದಿನದ ಹಾದಿ. ಮೊದಲು ಕಾರ್ಖಾನೆಗಳ ಬೆನ್ನು, ಸಾಬೂನಿನ ವಾಸನೆ, ನೀರಿಗೆ ನೆರಳು ಚೆಲ್ಲಿದ ಒಗೆದ ಬಟ್ಟೆಗಳು. ಆಮೇಲೆ ಎರಡೂ ಕಡೆ ಬಿಳಿ ಹೂವಿನ ಮುಳ್ಳುಬೇಲಿ, ಅದರಾಚೆ ಹಸುಗಳು. ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ನಾವು ನಡೆಯುತ್ತಿದ್ದೇವೋ ಹಾದಿಯೇ ಹಿಂದಕ್ಕೆ ಜಾರುತ್ತಿದೆಯೋ, ಅದೂ ತಿಳಿಯುತ್ತಿರಲಿಲ್ಲ. ಅಜ್ಜಿ ಕುದುರೆಯ ಹೆಜ್ಜೆಗಿಂತ ಬೇಗ ನಡೆಯಲೇ ಇಲ್ಲ. ಪ್ರತಿ ಸೇತುವೆಯ ಕೆಳಗೂ ಇಲ್ಲದ ಹಗ್ಗವನ್ನು ಎತ್ತಿ ಹಿಡಿಯುತ್ತಿದ್ದಳು. ಒಂದು ಕಡೆ, ಹಗ್ಗ ಉಜ್ಜಿ ಉಜ್ಜಿ ಕಲ್ಲಿನಲ್ಲಿ ಬಿದ್ದ ಗೀರಿಗೆ ಬೆರಳಿಟ್ಟು, "ಇದ್ರಲ್ಲಿ ನಮ್ಮದೂ ಇದೆ" ಅಂದಳು.

ಮೂರನೆಯ ದಿನ ಗುಡ್ಡ ಎದುರಾಯಿತು. ಕಾಲುವೆ ಒಳಗೆ ನುಗ್ಗುತ್ತದೆ, ದಡದ ಹಾದಿ ನುಗ್ಗುವುದಿಲ್ಲ. ಆ ಕಾಲದಲ್ಲಿ ಇಲ್ಲಿ ಹಗ್ಗ ಬಿಚ್ಚಿ ಇವಳು ಕುದುರೆಯೊಡನೆ ಗುಡ್ಡ ಹತ್ತುತ್ತಿದ್ದಳು. ಇನಾಕ್ ಹಲಗೆಯ ಮೇಲೆ ಅಂಗಾತ ಮಲಗಿ, ಸುರಂಗದ ಗೋಡೆಯನ್ನು ಕಾಲಿನಿಂದ ಒದ್ದು ಒದ್ದು, ಒಂದೂವರೆ ಗಂಟೆ ಕತ್ತಲಲ್ಲಿ ದೋಣಿ ತಳ್ಳುತ್ತಿದ್ದ. ಆಚೆ ಬದಿಗೆ ಮೊದಲು ತಲುಪುತ್ತಿದ್ದವಳು ಇವಳೇ. ಬ್ರೆಡ್ಡು ಕೊಯ್ದು, ಹಂದಿಕೊಬ್ಬು ಸವರಿ, ಒಳಗೆ ಕೂಗುತ್ತಿದ್ದಳು. ಒಳಗಿಂದ ಓಗೊಡುವ ತನಕ ತಾನು ಒಂದು ಚೂರೂ ತಿನ್ನುವಂತಿಲ್ಲ. ದೋಣಿ ಹೆಂಗಸರೆಲ್ಲ ಪಾಲಿಸುತ್ತಿದ್ದ ಪದ್ಧತಿ ಅದು.

ಬ್ರೆಡ್ಡಿನ ಗುಟ್ಟು ನನಗಾಗ ಹೊಳೆಯಿತು. ಹಲ್ಲಂತೆ, ಹಲ್ಲು!

"ಆಸ್ಪತ್ರೇಲಿ ನಾನು ಕೂಗ್ಲಿಲ್ಲ ಕಣೇ" ಅಂದಳು ಗುಡ್ಡದ ನೆತ್ತಿಯಲ್ಲಿ ಕೂತು. "ಅವನಿನ್ನೂ ಕತ್ತಲಲ್ಲೇ ಇದ್ದಾನೆ."

ಆಚೆ ಇಳಿದೆವು. ಗಂಟು ಬಿಚ್ಚಿ ಎರಡು ತುಂಡು ಬ್ರೆಡ್ಡಿಗೆ ಕೊಬ್ಬು ಸವರಿದಳು. ಸುರಂಗದ ಬಾಯಲ್ಲಿ ನಿಂತು, ತನ್ನ ಬಾಯಿಯ ಸುತ್ತ ಕೈಗಳನ್ನು ಬಟ್ಟಲು ಮಾಡಿ ಕೂಗಿದಳು: "ಲೇ ಸೋಮಾರಿ! ಬರ್ತೀಯೋ, ಇದನ್ನೂ ನಾನೇ ತಿನ್ಲೋ?"

ಅವಳ ದನಿಯೇ ಮರಳಿ ಬಂತು. ಆಮೇಲೆ ಏನೂ ಇಲ್ಲ. ಅವಳು ಕೈ ಇಳಿಸಲಿಲ್ಲ. ನನಗೆ ಅಳು ಬಂತು, ಅದನ್ನು ಮುಚ್ಚಿಡಲೂ ಹೋಗಲಿಲ್ಲ.

ಆಗ ಒಳಗಿಂದ, ಬಹಳ ದೂರದಿಂದ, ಗಂಡಸಿನ ದನಿ: "ಬಂದೆ, ಬಂದೆ!"

ಬಹಳ ಹೊತ್ತಿನ ಮೇಲೆ ಒಂದು ದೀಪ, ಅದರ ಹಿಂದೆ ರಜೆಯ ವಿಹಾರಕ್ಕೆ ಹೊರಟ ಸಣ್ಣ ದೋಣಿ. ಕೆಂಪು ಸ್ವೆಟರಿನ ದಪ್ಪ ಮನುಷ್ಯನೊಬ್ಬ ಮಸಿ ಮೋರೆ ಹೊತ್ತು ಹೊರಬಂದ.

"ಎಂಜಿನ್ ಕೈಕೊಡ್ತು ಅಜ್ಜಿ, ಗೋಡೆ ತಳ್ಕೊಂಡೇ ಬಂದೆ. ಯಾರೋ ಕೂಗಿದ್ರಲ್ಲ, ಜೀವ ಬಂತು."

ಕೂಗಿದ್ದು ಅವನನ್ನಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅಜ್ಜಿ ನನ್ನ ಕಾಲು ತುಳಿದಳು. ಒಂದು ತುಂಡು ಬ್ರೆಡ್ಡು ಅವನ ಕೈಗಿಟ್ಟಳು. ಅವನು ಗಬಗಬ ತಿಂದ. ಅವನು ತಿಂದು ಮುಗಿಸುವ ತನಕ ಕಣ್ಣು ಕದಲಿಸದೆ ನೋಡಿದಳು.

ಆಮೇಲೆ ತನ್ನ ಪಾಲಿನದನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿ, "ಇನ್ನು ಬಸ್ಸಲ್ಲೇ ಹೋಗೋಣ ಬಾರೇ" ಅಂದಳು.