ಹಡಗಿನಲ್ಲಿ ಸಿಕ್ಕ ಕೆಂಪು ಸೆರಗು

ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಆಮೇಲೆಲ್ಲ ಇಳಕಲ್ಲಿನ ನಮ್ಮ ಮನೆಯ ಮಗ್ಗವೇ ಸಾಲಿ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸುವುದು ನನ್ನ ಕೆಲಸ. ಅಂಥ ನಾನು ಸಮುದ್ರದ ಹಡಗು ಹತ್ತಿದೆ, ಮೊಮ್ಮಗಳನ್ನು ಕ್ಷೇಮವಾಗಿ ಮನೆಗೆ ಕರೆದುಕೊಂಡು ಬಂದೆ. ಓಣಿಯಲ್ಲಿ ಸಿಕ್ಕಸಿಕ್ಕವರಿಗೆ ಹೇಳಿ ಸಾಕಾಗದೆ ಈಗ ಬರೆಯಲು ಕುಳಿತಿದ್ದೇನೆ.

ಮಗಳು, ಅಳಿಯ ಹುನಗುಂದದಲ್ಲಿ ಇರುತ್ತಾರೆ. ಅಳಿಯ ಅಲ್ಲಿ ಕೋರ್ಟಿನಲ್ಲಿ ಕೆಲಸಕ್ಕಿದ್ದಾರೆ. ದೀಪಾವಳಿ ರಜೆಗೆ ಮುಂಬಯಿಯಿಂದ ಗೋವಾಕ್ಕೆ ಹೋಗಿಬರುವ ದೊಡ್ಡ ಹಡಗಿನ ಟಿಕೆಟ್ ತೆಗೆಸಿ, "ಅತ್ತಿ, ನೀವೂ ಬರ್ರಿ" ಅಂದರು. ನಾನು ನೋಡಿದ ದೊಡ್ಡ ನೀರೆಂದರೆ ಬಾದಾಮಿಯ ಕೆರೆ. ಮಹಾಕೂಟದ ಹೊಂಡದಲ್ಲಿ ಮುಳುಗು ಹಾಕುವಾಗಲೂ ಮೆಟ್ಟಿಲು ಬಿಟ್ಟವಳಲ್ಲ. ಆದರೂ ಹೊರಟೆ, ಮೊಮ್ಮಗಳ ಸಲುವಾಗಿ. ಅವಳಿಗೆ ನಾಲ್ಕು ವರ್ಷ. ಹುಟ್ಟಿದಾಗಿನಿಂದ ನನ್ನ ಹತ್ತಿರ ಇದ್ದದ್ದೇ ಹೆಚ್ಚು. ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿಯದೆ ಅವಳಿಗೆ ನಿದ್ದೆ ಬರುವುದಿಲ್ಲ. ಕೆಂಪು ಸೆರಗಿನ ಮೇಲೆ ನೇಯ್ದ ಬಿಳಿ ತೆನೆಗಳನ್ನು ಬೆರಳಿನಿಂದ ಮುಟ್ಟುತ್ತ ಮುಟ್ಟುತ್ತ ಕಣ್ಣು ಮುಚ್ಚುತ್ತಾಳೆ.

ಹಡಗು ಹತ್ತುವ ಮುಂಜಾನೆ ಮಗಳು ಹೊಸ ಬಟ್ಟೆಯ ಗಂಟು ಬಿಚ್ಚಿದಳು.

"ಅವ್ವ, ಅಲ್ಲಿ ಗಾಳಿ ಭಾಳ. ನಿರಗಿ ಕಾಲಾಗ ಸಿಕ್ಕು ಬಿದ್ದರ ಏನ್ ಮಾಡ್ತಿ? ಈ ಚೂಡಿದಾರ ಹಾಕ್ಕೊ."

"ಈ ವಯಸ್ಸಿನ್ಯಾಗ ನನ್ನ ಬಹುರೂಪಿ ಮಾಡಾಕ ಹೊಂಟಿಯೇನ?"

"ಚಂದ ಕಾಣ್ತೀರಿ ಅತ್ತಿ," ಅಂದರು ಅಳಿಯ, ಮೊಬೈಲಿನಿಂದ ಕಣ್ಣೆತ್ತದೆ.

ಹಾಕಿಕೊಂಡೆ. ಮೊಮ್ಮಗಳು ನನ್ನ ಸುತ್ತ ಒಂದು ಸುತ್ತು ಬಂದಳು. "ಸೆರಗ ಎಲ್ಲೈತಿ ಆಯಿ?"

"ಬ್ಯಾಗಿನ್ಯಾಗ ಐತಿ ಕೂಸ. ಇಕಾ, ಈ ಓಢಣಿ ಹಿಡಕೊ."

ಹಿಡಿದು ನೋಡಿ ಬಿಟ್ಟಳು. "ಇದು ಜಾರ್ತೈತಿ," ಅಂದಳು.

ಮೊದಲ ದಿನ ಚೆನ್ನಾಗಿಯೇ ಹೋಯಿತು. ರಾತ್ರಿ ಬ್ಯಾಗಿನಿಂದ ಸೀರೆ ತೆಗೆದು ಸೆರಗನ್ನು ಕೂಸಿನ ಕೈಗೆ ಕೊಟ್ಟು ಮಲಗಿಸಿದೆ, ಮುಂಜಾನೆ ಮತ್ತೆ ಮಡಚಿ ಒಳಗಿಟ್ಟೆ. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಆಕಾಶ ಕಪ್ಪಾಯಿತು. ಮುಂದೆ ಬಿರುಗಾಳಿ ಇದೆ, ಗೋವಾಕ್ಕೆ ಹೋಗುವಂತಿಲ್ಲ, ಹಡಗು ಮುಂಬಯಿಗೆ ಹಿಂತಿರುಗುತ್ತದೆ, ಎಲ್ಲರೂ ಕೋಣೆಗಳಲ್ಲಿ ಇರಬೇಕು ಎಂದು ಮೈಕಿನಲ್ಲಿ ಹೇಳಿದರು. ಆಮೇಲೆ ಹಡಗು ಜಗ್ಗಾಡಲು ಶುರುವಾಯಿತು. ಮಗಳಿಗೆ ವಾಂತಿ ಹಿಡಿಯಿತು. ಅಳಿಯ ಗುಳಿಗೆ ತರಲು ಹೋದರು. ನಾನು ಬಚ್ಚಲಲ್ಲಿ ಮಗಳ ಹಣೆ ಹಿಡಿದುಕೊಂಡು ನಿಂತಿದ್ದೆ. ಹೊರಗೆ ಬಂದು ನೋಡಿದರೆ ಮಂಚದ ಮೇಲೆ ಕೂಸಿಲ್ಲ.

ಮಂಚದ ಕೆಳಗೆ ನೋಡಿದೆ, ಪರದೆಯ ಹಿಂದೆ ನೋಡಿದೆ. ಬಾಗಿಲು ತೆಗೆದರೆ ಉದ್ದನೆಯ ಓಣಿಯಂಥ ದಾರಿ, ಎರಡೂ ಕಡೆ ಒಂದೇ ನಮೂನೆಯ ಬಾಗಿಲು. ಗೋಡೆಯ ಕಂಬಿ ಹಿಡಿದು ಹೆಜ್ಜೆ ಇಡುತ್ತಿರುವಾಗ ಅಳಿಯ ಎದುರಾದರು.

"ಕೂಸ ನಿಮ್ಮ ಕಡೆ ಐತೇನ್ರಿ?"

"ಇಲ್ರಿ, ನಿಮ್ಮ ಹತ್ರನ ಬಿಟ್ಟು ಹೋಗಿದ್ನಲ್ರಿ."

ಅವರು ಮೇಲಿನ ಅಂತಸ್ತಿಗೆ ಓಡಿದರು. ದಾರಿಯಲ್ಲಿ ಸಿಕ್ಕ ಸಿಬ್ಬಂದಿಯೊಬ್ಬರು ನನ್ನನ್ನು ಹಿಡಿದು ನಿಲ್ಲಿಸಿ, ಹೊರಗೆ ಹೋಗುವ ಬಾಗಿಲು ಆಗಲೇ ಮುಚ್ಚಿವೆ ಎಂದು ಹಿಂದಿಯಲ್ಲಿ ಹೇಳಿದರು. ಅರ್ಧ ಉಸಿರು ಬಂತು. ಕೂಸು ಮುಚ್ಚುವ ಮೊದಲೇ ಹೊರಗೆ ಹೋಗಿದ್ದರೆ ಎಂಬ ಯೋಚನೆಗೆ ಆ ಅರ್ಧವೂ ನಿಂತಿತು. ಬಸವಣ್ಣಾ ಎನ್ನುತ್ತ ಗೋಡೆಗೆ ಡಿಕ್ಕಿ ಹೊಡೆಯುತ್ತ ಊಟದ ಹಾಲಿನವರೆಗೆ ಹೋದೆ.

ಅಲ್ಲಿ ತಮ್ಮ ಕೋಣೆ ಮುಟ್ಟಲಾಗದೆ ಉಳಿದವರು ಟೇಬಲ್ ಹಿಡಿದು ಕುಳಿತಿದ್ದರು. ಮೂಲೆಯಲ್ಲಿ ಒಬ್ಬ ಮುದುಕಿ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಹಣೆಯಲ್ಲಿ ವಿಭೂತಿ, ಮೈಮೇಲೆ ಇಳಕಲ್ಲ ಸೀರೆ. ಕೆಂಪು ಸೆರಗು, ಬಿಳಿ ತೆನೆ. ಸೆರಗಿನ ಕೆಳಗಿನಿಂದ ಎರಡು ಸಣ್ಣ ಪಾದ ಕಾಣುತ್ತಿದ್ದವು.

ಅವಳೇ. ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆ ಹೋಗಿದ್ದಳು.

ಅಲ್ಲೇ ಕುಸಿದು ಕುಳಿತೆ.

"ನಿಮ್ಮ ಕೂಸೇನ ಯಕ್ಕಾ?" ಅಂದಳು ಆಕೆ. ಸೊಲ್ಲಾಪುರದವಳಂತೆ. "ಆಯಿ ಆಯಿ ಅನಕೋತ ಓಡಿ ಬಂದು ಸೆರಗ ಹಿಡೀತು. ನನ್ನ ಮಾರಿ ನೋಡಿ ಗಾಬರಿ ಆತು, ಆದ್ರ ಸೆರಗ ಬಿಡಲಿಲ್ಲ. ಯಾರ ಕೂಸವಾ ನೀ ಅಂದ್ರ, ಆಯಿ ಕೂಸು ಅಂತು. ಯಾವ ಆಯಿ ಅಂದ್ರ, ಕೆಂಪ ಸೆರಗಿನ ಆಯಿ ಅಂತು. ಹಡಗಿನವರಿಗೂ ಅದನ್ನ ಹೇಳಿ ಕಳಿಸೇನಿ. ಪಾಪ, ಅವ್ರು ಕೆಂಪ ಸೆರಗ ಹುಡುಕಾಕತ್ತಾರ, ನೀವು ನೋಡಿದ್ರ ಹಿಂಗ ಬಂದೀರಿ."

ನನ್ನ ಚೂಡಿದಾರವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ನಕ್ಕಳು. ನನಗೂ ಅಳುವಿನ ನಡುವೆಯೇ ನಗು ಬಂತು. ಕೂಸಿನ ಮುಷ್ಟಿ ಬಿಡಿಸಲು ಹೋದ ಕೈ ಅಭ್ಯಾಸಬಲದಿಂದ ಒಡಲು, ಸೆರಗು ಕೂಡುವ ಕೊಂಡಿಯ ಮೇಲೆ ಆಡಿತು. ಕೂಸು ಅಷ್ಟು ಜಗ್ಗಿದ್ದರೂ ಒಂದು ಎಳೆಯೂ ಬಿಟ್ಟಿರಲಿಲ್ಲ.

ಅಳಿಯ ಬಂದರು. ಕೂಸಿನ ಪಾದ ಹಿಡಿದುಕೊಂಡು ಕುಳಿತರು. ಹಿಂದೆಯೇ ನನ್ನ ಮಗಳು ಗೋಡೆ ಹಿಡಿದು ಬಂದಳು. ಸುದ್ದಿಯೆಲ್ಲ ಕೇಳಿ, ಮುಖ ಒರೆಸಿಕೊಂಡು ಅಂದದ್ದು ಒಂದೇ ಮಾತು.

"ಅವ್ವ, ಹೋಗಿ ಸೀರಿ ಉಟ್ಕೊ."

ಜಗ್ಗಾಡುವ ಹಡಗಿನಲ್ಲಿ ಒಂದು ಕೈಯಿಂದ ಮಂಚ ಹಿಡಿದು ಇನ್ನೊಂದು ಕೈಯಿಂದ ನಿರಿಗೆ ಹಾಕಿ ಸೀರೆ ಉಟ್ಟೆ. ಸೆರಗಿನ ತುದಿಯ ಚುಂಗನ್ನು ಮೊಮ್ಮಗಳ ಕೈಗೆ ಕಟ್ಟಿದೆ. ಮುಂಬಯಿ ಬರುವವರೆಗೂ ಬಿಚ್ಚಲಿಲ್ಲ.

"ಗೋವಾ ನೋಡೂದು ತಪ್ಪಿತಲ್ರಿ ಅತ್ತಿ," ಎಂದು ಅಳಿಯ ಇಳಿಯುವಾಗ ಪೇಚಾಡಿದರು.

"ನಾ ನೋಡೂದು ನೋಡೇನಿ ಬಿಡ್ರಿ," ಅಂದೆ.

ಆ ಸೆರಗಿನ ತುದಿಯಲ್ಲಿ ಗಂಟಿನ ಮಡಿಕೆ ಹಾಗೇ ಇದೆ. ಇಸ್ತ್ರಿ ಮಾಡಿಸು ಅನ್ನುತ್ತಾಳೆ ಮಗಳು. ಮಾಡಿಸಲು ಬಿಡುವಾದರೆ ತಾನೆ? ಇದನ್ನು ಬರೆಯುತ್ತಿರುವಾಗಲೂ ಅದು ಮೊಮ್ಮಗಳ ಮುಷ್ಟಿಯಲ್ಲಿದೆ. ಅವಳು ಮಲಗಿದ್ದಾಳೆ, ನಾನು ಏಳುವಂತಿಲ್ಲ.