ಕಬಡ್ಡಿ ಆಡದವನ ಕಬಡ್ಡಿ ಫೋಟೊ

ಚಳಿಗೆ ತುಟಿ ಒಡೆಯಿತೆಂದು ಮೊನ್ನೆ ಮೆಡಿಕಲ್ ಶಾಪಿನಿಂದ ಗ್ಲಿಸರಿನ್ ತಂದೆ. ಬೆರಳಿಗೆ ಅಂಟಿದ್ದೇ ತಡ, ಪೀಣ್ಯದಲ್ಲಿ ನಾನು ಕೆಲಸಕ್ಕಿದ್ದ ಫೋಟೊ ಸ್ಟುಡಿಯೋದ ಮಾಲೀಕ ನೆನಪಾದ. ಇಷ್ಟು ವರ್ಷವಾದರೂ ಮೈ ಉರಿಯುತ್ತದೆ...

ಆಸಾಮಿ ಗ್ಲಿಸರಿನ್ನಿಗೆ ನೀರು ಬೆರೆಸಿ, ಕಟಿಂಗ್ ಶಾಪಿನವರ ಸ್ಪ್ರೇ ಬಾಟಲಿಗೆ ತುಂಬಿ ಜನರ ಮುಖಕ್ಕೆ ಹೊಡೆಯುತ್ತಿದ್ದ. ಅದೇ ಬೆವರು. ಸುತ್ತಲಿನ ಕಾರ್ಖಾನೆಗಳ ಆಟಗಾರರನ್ನು ಬೂದು ಪರದೆಯ ಮುಂದೆ ನಿಲ್ಲಿಸಿ, ಭುಜದ ಅಂಚು ಹೊಳೆಯುವಂತೆ ಹಿಂದಿನಿಂದ ಎರಡು ಲೈಟು ಕೊಟ್ಟು, ತುಂಬಿದ ಸ್ಟೇಡಿಯಮ್ಮಿನ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಅಂಟಿಸುವುದು ನಮ್ಮ ಕಸುಬು. ಅಂಟಿಸುವವನು ನಾನು. ಸ್ಟೇಡಿಯಮ್ಮಿನ ಬೆಳಕು ಎಡಗಡೆಯಿದ್ದರೆ ಈ ಮಹಾನುಭಾವ ಬಲಗಡೆಯಿಂದ ಲೈಟು ಹಾಕಿರುತ್ತಿದ್ದ. ಕಾಲ ಕೆಳಗೆ ನೆರಳಿಲ್ಲದೆ ಆಟಗಾರರು ಗೇಣೆತ್ತರ ತೇಲುತ್ತಿದ್ದರು. ಹೇಳಿದರೆ, "ಯಾವನ್ ನೋಡ್ತಾನೆ ಗುರು, ಶೈನಿಂಗ್ ಇದ್ರೆ ಸಾಕು" ಅನ್ನುತ್ತಿದ್ದ. ಅವನ ಕಲಾಜ್ಞಾನ ಅಲ್ಲಿಗೆ ಮುಗಿಯಿತು. ನೆರಳು ಬರೆಯುವ, ಬಣ್ಣ ಹೊಂದಿಸುವ ಕರ್ಮವೆಲ್ಲ ನನ್ನದು.

ಒಂದು ವರ್ಷ ಬೋಲ್ಟು ಮಾಡುವ ಕಾರ್ಖಾನೆಯ ಕಬಡ್ಡಿ ತಂಡ ಗೆದ್ದಿತು. ಗೆಲ್ಲಿಸಿದವನು ಗದಗದ ಕಡೆಯ ಒಬ್ಬ ಲೇತ್ ಆಪರೇಟರ್. ಫೋಟೊಗೆ ನಿಂತಾಗ ಕೇಳಿದ, "ನನಗೂ ಒಂದ್ ಕಾಪಿ ಕೊಡ್ರಿ ಸಾರ್. ಬೆಂಗಳೂರಿಗೆ ಹೋಗಿ ಆಟ ಬಿಟ್ಟಾನ ಅಂತ ಊರಾಗ ನಗತಾರ." ಮಾಲೀಕ ಆಗಲಿ ಎಂದು ತಲೆಯಾಡಿಸಿದ.

ಎರಡು ದಿನ ಬಿಟ್ಟು ಆ ಕಾರ್ಖಾನೆಯ ಧಣಿಯ ಮಗ ಬಂದ. ಕಬಡ್ಡಿಯನ್ನು ಕುರ್ಚಿಯ ಮೇಲೆ ಕೂತು ನೋಡಿದ್ದಷ್ಟೇ. ಕಂಪನಿ ಕ್ಯಾಲೆಂಡರಿಗೆ ತಾನೇ ರೇಡ್ ಮಾಡುವ ಚಿತ್ರ ಬೇಕಂತೆ! ಅವನ ಹೊಟ್ಟೆ ನೋಡಿ ನಮ್ಮ ಮಾಲೀಕನಿಗೂ ದಿಕ್ಕು ತೋಚಲಿಲ್ಲ. ಆಮೇಲೆ ಹಲ್ಲು ಕಿರಿಯುತ್ತಾ ನನ್ನತ್ತ ತಿರುಗಿ, "ಆ ಲೇತ್‌ನವನ ಬಾಡಿ ಮೇಲೆ ಸಾರ್ ತಲೆ ಕೂರಿಸ್ಬಿಡು" ಎಂದ. ಥೂ...

ಕೂರಿಸಿದೆ. ಲೇತ್‌ನವನ ಮೈಮೇಲೆ ಬಿದ್ದ ಬೆಳಕಿನ ಕೋನದಲ್ಲೇ ಲೈಟು ಇಟ್ಟು ಧಣಿಯ ಮಗನ ಮುಖದ ಫೋಟೊ ತೆಗೆದೆ. ಕಪ್ಪು ತೋಳುಗಳನ್ನು ಅವನ ಮುಖಕ್ಕೆ ಹೊಂದುವಷ್ಟು ಬೆಳ್ಳಗೆ ಮಾಡಿದೆ. ಮೊಣಕಾಲಿನ ಹೊಲಿಗೆಯ ಗುರುತನ್ನು ಮಾತ್ರ ಬಿಟ್ಟೆ. ನಿಜವೆನಿಸಲು ಅಂಥದ್ದೊಂದು ಬೇಕು. ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಮೂಲ ಫೋಟೊ ಅಳಿಸಿಬಿಟ್ಟೆ.

ಕಾಪಿ ಕೇಳಲು ಬಂದವನ ಕೈಗೆ ನಮ್ಮವನು ಕ್ಯಾಲೆಂಡರ್ ಕೊಟ್ಟ, ನಾಚಿಕೆಯಿಲ್ಲದೆ. ಅವನು ತುಂಬಾ ಹೊತ್ತು ನೋಡಿದ.

"ಈ ಮಣಕಾಲು ನಂದಲ್ಲೇನ್ರಿ?"

"ಮೊಣಕಾಲು ಎಲ್ಲಾರ್ದೂ ಒಂದೇ ಥರ ಇರುತ್ತೆ ಕಣಪ್ಪ" ಎಂದು ಮಾಲೀಕ ಬಾರದ ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ಹೋದ.

ಆ ಮನುಷ್ಯ ಚಿತ್ರದ ಕುತ್ತಿಗೆಯ ಮೇಲೆ ಬೆರಳಾಡಿಸಿದ. "ನೀವ ಮಾಡಿದ್ರೇನ್ರಿ? ಎಲ್ಲಿ ಕೂಡಿಸೀರಿ ಅಂತ ಗೊತ್ತ ಆಗಂಗಿಲ್ಲ ನೋಡ್ರಿ." ಆಮೇಲೆ ಮೆಲ್ಲಗೆ, "ನಂದು ಐತೇನ್ರಿ?" ಎಂದ.

ಇಲ್ಲ ಎಂದೆ. ಕ್ಯಾಲೆಂಡರನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಮಾಲೀಕ ತೀರಿಕೊಂಡನೆಂದು ಯಾರೋ ಹೇಳಿದರು. ನನಗೆ ಏನೂ ಅನ್ನಿಸಲಿಲ್ಲ. ಅವನನ್ನು ಬೈಯುವುದು ಸುಲಭ, ಬೈಯುತ್ತಲೇ ಇದ್ದೇನೆ. ಆದರೆ ಆ ಲೇತ್ ಆಪರೇಟರ್ ಹೇಗಿದ್ದನೆಂದು ನೆನಪಿಸಿಕೊಳ್ಳಲು ಹೋದಾಗಲೆಲ್ಲ ತೋಳು ಕಾಣುತ್ತದೆ, ಮೊಣಕಾಲು ಕಾಣುತ್ತದೆ... ಮುಖ ಮಾತ್ರ ಧಣಿಯ ಮಗನದೇ ಬರುತ್ತದೆ.