ನೆಗೆಣ್ಣಿಯ ಲಿಂಗ ಕಳೆದ ದಿನ

ಭಾನುವಾರಗಳಂದು ಕೊಟ್ಟೂರಿನ ನಮ್ಮ ಓಣಿಯ ಹೆಂಗಸರಿಗೆ ಅಷ್ಟಾವರಣ, ಷಟ್‌ಸ್ಥಲ ಹೇಳಿಕೊಡುವವಳು ನಾನು. ಇಷ್ಟಲಿಂಗ ಪೂಜೆಯ ಒಂದೊಂದು ವಿಧಿಯೂ ನನಗೆ ಬಾಯಿಪಾಠ. ಆದರೆ ಮೊಣಕಾಲು ನೋವು ಹೆಚ್ಚಾದಾಗ ನಮ್ಮತ್ತೆ ಕರೆಯುತ್ತಿದ್ದುದು ನನ್ನ ನೆಗೆಣ್ಣಿಯನ್ನು, ಮೈದುನನ ಹೆಂಡತಿಯನ್ನು.

"ವಿಭೂತಿ ಹಚ್ಚಿ ಒಂದೀಟು ಬೇಡ್ಕೊಳವಾ. ನಿನ್ನ ಮಾತು ಕೇಳ್ತಾನ ಶಿವ" ಎನ್ನುತ್ತಿದ್ದರು.

ತೆಲಿಗಿಯಿಂದ ಬಂದ ಆಕೆಗೆ ಎಂಟು ಆವರಣ ಹೇಳು ಎಂದರೆ ನಾಲ್ಕಕ್ಕೇ ನಿಲ್ಲುತ್ತಿತ್ತು. ರೊಟ್ಟಿ ಬಡಿಯುತ್ತಾ, ಪಕ್ಕದಲ್ಲೇ ಕೂತವನೊಡನೆ ಮಾತಾಡಿದ ಹಾಗೆ ಶಿವನೊಡನೆ ಮಾತಾಡುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತಿತ್ತು.

ಹೋದ ವರ್ಷ ಶೇಂಗಾ ಕೀಳುವಾಗ ಆಕೆಯ ಕೊರಳಿನ ದಾರ ಹರಿದು ಲಿಂಗ ಹೊಲದಲ್ಲೆಲ್ಲೋ ಬಿದ್ದುಹೋಯಿತು. ಮಣ್ಣುಗೈಯಲ್ಲೇ ಮನೆಗೆ ಓಡಿ ಬಂದಳು.

"ಅಕ್ಕಾ, ಸಾಲು ಸಾಲು ಹುಡುಕಿದ್ವಿ, ಸಿಗಲಿಲ್ಲ. ಏನ್ ಮಾಡ್ಲಿ?"

ಅತ್ತೆ ಎದುರಿಗೇ ಕೂತಿದ್ದರು. ಇಂಥ ಗಳಿಗೆಗೇ ನಾನು ಕಾಯುತ್ತಿದ್ದೆನೇನೋ. "ಲಿಂಗ ಕಳಕೊಂಡಾಕಿ ಬದುಕಬಾರದು ಅಂತೈತಿ ಶಾಸ್ತ್ರದಾಗ," ಎಂದೆ. "ಗುರುಗಳು ಹೊಸಾದು ಕಟ್ಟೋತನಕ ಗುಟುಕು ನೀರೂ ಮುಟ್ಟಂಗಿಲ್ಲ."

ಗುರುಗಳು ಮರುದಿನದವರೆಗೆ ಊರಲ್ಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಆಕೆ ಕೈಕಾಲು ತೊಳೆದು ದೇವರ ಕೋಣೆಯಲ್ಲಿ ಕೂತಳು. ಲಿಂಗ ಇಟ್ಟುಕೊಳ್ಳುತ್ತಿದ್ದ ಬರಿಯ ಎಡಗೈಗೆ ವಿಭೂತಿ ಹಚ್ಚಿದಳು, ಪತ್ರಿ ಏರಿಸಿದಳು. "ಬಿಸಿಲಾಗ ಎಲ್ಲಿ ಬಿದ್ದೀಯೋ ನನ್ನಪ್ಪಾ" ಎಂದು ಬಿಕ್ಕಿದಳು. ವಿಧಿಯಲ್ಲಿ ಅಂಥ ಪೂಜೆಯೇ ಇಲ್ಲ. ನನ್ನ ಲಿಂಗ ಕಳೆದಿದ್ದರೆ ನಾನು ಪ್ರಾಯಶ್ಚಿತ್ತ ಯಾವುದೆಂದು ಪುಸ್ತಕ ತೆಗೆಯುತ್ತಿದ್ದೆ, ಹೀಗೆ ಅಳುತ್ತಿರಲಿಲ್ಲ. ಅದು ಹೊಳೆದಾಗ ಆಕೆಯ ಮೇಲಿನ ಸಿಟ್ಟು ಇನ್ನಷ್ಟು ಏರಿತು.

"ಆಕಿಗೆ ನೀರು ಕೊಡು," ಎಂದರು ಅತ್ತೆ, ನನ್ನ ಮುಖ ನೋಡದೆ.

ಕೊಟ್ಟೆ. ಆಕೆ ಮುಟ್ಟಲಿಲ್ಲ.

ಮರುದಿನ ಗುರುಗಳು ಬಂದು ಹೊಸ ಲಿಂಗ ಕಟ್ಟಿದರು. ಆಕೆಯ ಒಣಗಿದ ತುಟಿ ನೋಡಿ, "ನೀರು ಬಿಡು ಅಂತ ಯಾರು ಹೇಳಿದ್ರವಾ?" ಎಂದು ಗದರಿದರು.

"ನಾನಾಗೇ ಬಿಟ್ಟೀನ್ರಿ, ಬುದ್ಧಿ."

ಒಂದು ವಾರ ಆದ ಮೇಲೆ, ಇಬ್ಬರೇ ಕೂತು ಶೇಂಗಾ ಬಿಡಿಸುವಾಗ ಬಾಯಿಬಿಟ್ಟೆ. "ಅವತ್ತು ನಾ ಬೇಕಂತನ ಹಂಗಂದೆ, ತಂಗಿ."

"ಗೊತ್ತೈತಿ ಬಿಡಕ್ಕಾ," ಎಂದಳು. "ಆದ್ರ ನೀ ಹೇಳಿದ್ದು ಖರೇನೂ ಇರಬೌದು ಅನಿಸ್ತು."

ಗೊತ್ತಿದ್ದೂ ಬಾಯಾರಿ ಕೂತಿದ್ದಳು. ಅದನ್ನು ಕೇಳಿ ನನ್ನ ಹೊಟ್ಟೆಕಿಚ್ಚು ಆರಿತೆಂದರೆ ಸುಳ್ಳಾದೀತು. ಭಾನುವಾರದ ಪಾಠದಲ್ಲಿ ಲಿಂಗ ಕಳೆದವರ ಆ ಒಂದು ನಿಯಮವನ್ನು ಮಾತ್ರ ಈಗ ನಾನು ಹೇಳುವುದಿಲ್ಲ.